ಹೂಂ ಅನ್ನದವನ ಓಲೆಮನೆ

ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ, ಅಂಜನಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕತೆ ಹೇಳುವುದಕ್ಕೆ ಒಂದು ಕಟ್ಟಳೆ ಇತ್ತು. ಹೇಳುವವರು ಒಂದು ಮಾತು ಹೇಳಿ ನಿಲ್ಲಬೇಕು. ಕೇಳುವವರು "ಹೂಂ" ಅನ್ನಬೇಕು. ಆಮೇಲೆ ಮುಂದಿನ ಮಾತು. ಹೂಂ ಬರಲಿಲ್ಲವೋ, ಕತೆ ಅಲ್ಲಿಗೇ ನಿಲ್ಲಬೇಕು. ರಾಜನಿಗೂ ಇದೇ ಕಟ್ಟಳೆ, ರಾಜನ ಕುದುರೆ ಮೇಯಿಸುವವನಿಗೂ ಇದೇ.

ಊರ ನಡುವೆ ಓಲೆಮನೆ ಇತ್ತು. ಹೊಸ ಕತೆ ಕಟ್ಟಿದವರು ಅಲ್ಲಿಗೆ ಹೋಗಿ ಹೇಳಬೇಕು. ಒಪ್ಪಿಗೆಯಾದರೆ ಲಿಪಿಕಾರರು ಅದನ್ನು ತಾಳೆಗರಿಯ ಮೇಲೆ ಏಳು ಪ್ರತಿ ಬರೆದು, ಕೊನೆಯ ಗರಿಯಲ್ಲಿ ಕತೆಗಾರರ ಹೆಸರು ಕೊರೆದು, ಏಳು ಪಟ್ಟಣಗಳಿಗೆ ಕಳಿಸುವರು. ಡಂಗುರದವನು ಆ ಹೆಸರನ್ನು ಬೀದಿಬೀದಿಯಲ್ಲಿ ಸಾರುವನು.

ಓಲೆಮನೆಯ ಹಿಂದಿನ ಗುಡಿಸಲಲ್ಲಿ ದ್ಯಾವಿ ಎಂಬ ಹುಡುಗಿ ಇದ್ದಳು. ತಾಳೆಗರಿ ಹದ ಮಾಡುವುದು ಅವಳ ಕಸುಬು. ಗರಿಗಳನ್ನು ಅರಿಶಿನದ ನೀರಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜಿ ಕೊಡುವಳು. ಅವಳ ಕೈಯಿಂದ ಸಾವಿರಾರು ಗರಿ ಹೋಗಿದ್ದವು. ಒಂದರ ಮೇಲೂ ಅವಳ ಹೆಸರಿರಲಿಲ್ಲ. ಒಂದೇ ಒಂದು ಸಲ ಇದ್ದರೆ ಸಾಕೆಂದು ಅವಳಿಗೆ ಹೊಟ್ಟೆಯೊಳಗಿಂದ ಆಸೆ.

ತಾಯಿ ತೀರಿಹೋಗಿದ್ದಳು. ಉಳಿದವಳು ಕಣ್ಣು ಕಾಣದ ಅಜ್ಜಿ, ಪುಟ್ಟಜ್ಜಿ. ಹಲ್ಲಿಲ್ಲದ ಪುಟ್ಟಜ್ಜಿ ಸದಾ ಮೂಲೆಯಲ್ಲಿ ಕೂತು ಸಣ್ಣ ಒರಳಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ದ್ಯಾವಿ ಕತೆ ಹೇಳಿದರೆ ಅಜ್ಜಿಯ ಹೂಂ ತಡವಾಗಿ ಬರುತ್ತಿತ್ತು. ಮೊದಲು ಟಕ್ ಟಕ್ ಎಂದು ಎರಡು ಕುಟ್ಟು, ಆಮೇಲೆ "ಹೂಂ", ಅದರ ಹಿಂದೆಯೇ ಒಂದು ಪ್ರಶ್ನೆ. "ಆ ಹುಡುಗ ಅಷ್ಟು ದೂರ ನಡೆದನಲ್ಲೇ, ಏನಾದ್ರೂ ಉಂಡನೇನೇ?" ದ್ಯಾವಿ ರೇಗುವಳು. ಆದರೂ ಕತೆಯ ನಡುವೆ ಅವನಿಗೊಂದು ತುತ್ತು ಅನ್ನ ಹಾಕುವಳು.

ಹೀಗಿರಲು ಅಂಜನಾವತಿಗೆ ಮೌನಸಿದ್ಧ ಬಂದ.

ಅವನು ಮಂತ್ರವಾದಿ. ಬಾಯಿ ತೆರೆಯುತ್ತಿರಲಿಲ್ಲ, ಮೌನವ್ರತವಂತೆ. ಅವನ ಪರವಾಗಿ ಹೆಗಲ ಮೇಲಿನ ಗಿಳಿ ಮಾತಾಡುತ್ತಿತ್ತು. ಮಾತಾಡದವರೆಲ್ಲ ಜ್ಞಾನಿಗಳು ಎಂದು ನಂಬುವ ರಾಜರು ಆಗಲೂ ಇದ್ದರು ನೋಡಿ. ರಾಜ ಓಲೆಮನೆಯನ್ನು ಅವನ ಕೈಗೆ ಒಪ್ಪಿಸಿಬಿಟ್ಟ. ಓಲೆಮನೆಯ ಹಳೆಯ ಯಜಮಾನ ಸೋವಿದೇವ ಅದೇ ದಿನ ಎಲ್ಲಿಗೋ ಮಾಯವಾದ. ಯಾರೂ ಹುಡುಕಲಿಲ್ಲ.

ಮೌನಸಿದ್ಧ ಹೊಸ ನಿಯಮ ತಂದ. ಬೇರೆ ಯಾರ ಕಿವಿಗೂ ಬೀಳದ ಕತೆಯನ್ನೇ ತರಬೇಕು, ಮೊದಲು ಅವನಿಗೇ ಹೇಳಬೇಕು. ಜನ ಸಾಲುಗಟ್ಟಿ ಬಂದರು. ಅವನು ವ್ರತದಲ್ಲಿದ್ದಾನೆ, ಹೂಂ ಅನ್ನುವುದು ಹೇಗೆ? ಪಾಪ ಎಂದು ಎಲ್ಲರೂ ಹೂಂ ಇಲ್ಲದೆಯೇ ಕತೆ ಹೇಳಿ ಮುಗಿಸಿದರು. ಮುಗಿದೊಡನೆ ಏನನ್ನೋ ನುಂಗಿದಂತೆ ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ಗಿಳಿ "ಒಪ್ಪಿಗೆಯಿಲ್ಲ! ಬೇರೆ ತಾ!" ಎನ್ನುತ್ತಿತ್ತು. ಹೊರಗೆ ಬಂದವರಿಗೆ ತಾವು ಹೇಳಿದ ಕತೆಯೇ ನೆನಪಿರುತ್ತಿರಲಿಲ್ಲ. ವರ್ಷ ಮೂರಾದರೂ ಓಲೆಗೆ ರಾಜನ ಲೆಕ್ಕಪತ್ರ ಏರಿತೇ ಹೊರತು ಒಂದು ಕತೆಯೂ ಏರಲಿಲ್ಲ. ಊರಿಗೆ ಮಬ್ಬು ಕವಿಯಿತು. ಹಳೆಯ ಕತೆಗಳೂ ಅದರಲ್ಲಿ ಮಾಸಿಹೋದವು. ಮಕ್ಕಳು ಕತೆಯಿಲ್ಲದೆ ಮಲಗಿದವು. ಮೌನಸಿದ್ಧನ ಕೆನ್ನೆ ಮಾತ್ರ ದಿನೇ ದಿನೇ ಕೆಂಪಾಯಿತು.

ದ್ಯಾವಿ ತಾಯಿಯ ಮೇಲೆ ಕತೆ ಕಟ್ಟಿದಳು.

"ನನಗೊಂದು ಸಲ ಹೇಳೇ," ಎಂದಳು ಪುಟ್ಟಜ್ಜಿ.

"ಹೇಳಬಾರದಂತೆ ಅಜ್ಜಿ. ಮೊದಲು ಅವರಿಗೇ ಹೇಳಬೇಕಂತೆ. ಡಂಗುರ ಸಾರ್ತಾರಲ್ಲ, ಆಗ ಕೇಳು."

ಅಜ್ಜಿ ಟಕ್ ಟಕ್ ಎಂದು ಕುಟ್ಟಿದಳು. 

ದ್ಯಾವಿ ಓಲೆಮನೆಗೆ ಹೋಗಿ ಮೊದಲ ಮಾತು ಹೇಳಿ ನಿಂತಳು. ಮೌನಸಿದ್ಧ ನೋಡಿದ. ಹೂಂ ಬರಲಿಲ್ಲ. ಅವಳಿಗೆ ಭಯವಾಯಿತು, ದೊಡ್ಡವರನ್ನು ಕಾಯಿಸಬಾರದು ಎನಿಸಿತು. ಗಡಬಡಿಸಿ ಕೊನೆಯವರೆಗೂ ಹೇಳಿಬಿಟ್ಟಳು. ಅವನ ಗಂಟಲು ಆಡಿತು. "ಒಪ್ಪಿಗೆಯಿಲ್ಲ! ಬೇರೆ ತಾ!" ಎಂದಿತು ಗಿಳಿ.

ಮನೆಗೆ ಬಂದ ದ್ಯಾವಿಗೆ ಕತೆ ಮರೆತಿತ್ತು. ಅದರ ಜೊತೆಗೆ ತಾಯಿಯ ಮುಖವೂ ಮರೆತಿತ್ತು. ಎಷ್ಟು ಕಣ್ಣು ಮುಚ್ಚಿದರೂ ಬರೆಯದ ಗರಿಯಂತೆ ಖಾಲಿ.

"ಅಜ್ಜಿ, ಅಮ್ಮನ ಮುಖ ಹೇಗಿತ್ತು?"

"ನಾನೆಲ್ಲಿ ಕಂಡೆ ಮಗಳೇ. ಕೈಯಲ್ಲಿ ಮುಟ್ಟಿ ನೋಡಿದ್ದೆ. ಎಡಗೆನ್ನೆಯಲ್ಲಿ ಬೆರಳು ಹಿಡಿಸುವಷ್ಟು ಒಂದು ಕುಳಿ ಇತ್ತು."

ದ್ಯಾವಿ ಆ ಒಂದು ಕುಳಿಯನ್ನು ಇಟ್ಟುಕೊಂಡು ಅತ್ತಳು.

ಆದರೂ ಆಸೆ ಬಿಡಲಿಲ್ಲ. ಇನ್ನೊಂದು ಕತೆ ಬೇಕು, ಎಲ್ಲಿಂದ ತರುವುದು? ಮೂರು ದಿನದ ದಾರಿಯಲ್ಲಿ ಕರಿಕೆರೆ ಇದೆ, ಅಲ್ಲಿ ಬೆನ್ನ ಮೇಲೆ ದೀಪ ಹೊತ್ತ ಮುದಿ ಆಮೆ ಇದೆ, ಅದಕ್ಕೆ ಎಲ್ಲ ಕತೆಯೂ ಗೊತ್ತು ಎಂದು ಜನ ಹೇಳುತ್ತಿದ್ದರು. ಅವಳು ನಡೆದಳು. ಕೆರೆಯಲ್ಲಿ ಆಮೆ ಮೇಲೆದ್ದು ಬಂತು. ದೀಪ ನೆನೆದಿರಲಿಲ್ಲ.

"ಆಮೆಜ್ಜ, ನನಗೊಂದು ಕತೆ ಕೊಡು."

"ನನ್ನ ಹತ್ರ ಕತೆ ಎಲ್ಲಿದೆ ತಾಯಿ? ಬೆಳಕು ಮಾತ್ರ ಇದೆ. ಎಲ್ಲಿ, ನಿನ್ನ ಕೈ ತೋರಿಸು." ದೀಪದ ಬೆಳಕಿಗೆ ದ್ಯಾವಿ ಕೈ ಚಾಚಿದಳು. ಉಗುರ ಸಂದಿಯಲ್ಲಿ ಅರಿಶಿನ, ಅಂಗೈಯಲ್ಲಿ ಕಲ್ಲು ಉಜ್ಜಿದ ಗಂಟು, ಗರಿ ಕೊಯ್ದ ಗೆರೆಗಳು. ದಿನಾ ಇದ್ದ ಕೈಯನ್ನು ಅವಳು ಅಂದೇ ನೋಡಿದಳು. "ತಮ್ಮ ಕೈಯನ್ನೇ ನೋಡೋಕೆ ಎಲ್ಲರೂ ಇಷ್ಟು ದೂರ ಬರ್ತಾರೆ," ಎಂದು ಆಮೆ ನಿಟ್ಟುಸಿರಿಟ್ಟು ಮುಳುಗಿತು.

ಗಾಳಿಯಲ್ಲಿ ತನ್ನ ಮಾತಾಡುತ್ತಿದ್ದ ತಾಳೆಗರಿ ಕೊಯ್ದ ಮೇಲೆ ಹೇಗೆ ಬೇರೆಯವರ ಮಾತು ಹೊರುತ್ತದೆ ಎಂದು ದ್ಯಾವಿ ಮರಳುವ ದಾರಿಯಲ್ಲಿ ಎರಡನೆಯ ಕತೆ ಕಟ್ಟಿದಳು. ಚೆಲುವಾದ ಕತೆ. ಓಲೆಮನೆಯಲ್ಲಿ ಹೂಂ ಬರಲಿಲ್ಲ. ಈ ಸಲವೂ ಅವಳು ನಿಲ್ಲಲಿಲ್ಲ. ಗಂಟಲು ಆಡಿತು. "ಒಪ್ಪಿಗೆಯಿಲ್ಲ! ಬೇರೆ ತಾ!"

ಮರುದಿನ ಅರಿಶಿನದ ನೀರಿನ ಮುಂದೆ ಕೂತ ದ್ಯಾವಿಗೆ ಕೆಲಸ ಬರಲಿಲ್ಲ. ಎಷ್ಟು ಬೇಯಿಸಬೇಕು, ಯಾವ ಕಡೆ ಉಜ್ಜಬೇಕು, ಏನೂ ತಿಳಿಯಲಿಲ್ಲ. ಗರಿಗಳು ಸೀಳಿಹೋದವು. ಲಿಪಿಕಾರರು ಬೈದು ಬೇರೆಯವರನ್ನು ಹಿಡಿದರು. ಒಲೆ ಆರಿತು. ಪುಟ್ಟಜ್ಜಿ ಹಾಸಿಗೆ ಹಿಡಿದಳು.

ಒಂದು ಸಂಜೆ ಅಜ್ಜಿ ಕೈ ನೀಡಿ ಅವಳ ಕೆನ್ನೆ ಮುಟ್ಟಿದಳು. "ಒಂದು ಕತೆ ಹೇಳೇ. ನಾನು ಹೂಂ ಅಂದು ಮೂರು ವರ್ಷ ಆಯ್ತು."

ದ್ಯಾವಿ ಬಾಯಿ ತೆರೆದಳು. ಹೇಳಲು ಒಂದು ಕತೆಯೂ ಇರಲಿಲ್ಲ. "ಎಲ್ಲ ಅವನಿಗೆ ಹೇಳಿಬಿಟ್ಟೆ ಅಜ್ಜಿ," ಎಂದಳು.

"ಅವನು ಹೂಂ ಅಂದ್ನೇನೇ?"

"ಇಲ್ಲ."

"ಮತ್ತೆ ಯಾಕೆ ಮುಂದಕ್ಕೆ ಹೋದೆ ಮಗಳೇ?"

ದ್ಯಾವಿ ತಲೆ ತಗ್ಗಿಸಿದಳು. ಇಷ್ಟು ಸಣ್ಣ ಮಾತು ಇಡೀ ರಾಜ್ಯದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಉತ್ತರ ಹೇಳಲು ತಲೆ ಎತ್ತುವಷ್ಟರಲ್ಲಿ ಪುಟ್ಟಜ್ಜಿಯ ಕೈ ಕೆಳಗೆ ಬಿದ್ದಿತ್ತು. ಮೂರು ವರ್ಷದ ಹೂಂ ಎಲ್ಲವನ್ನೂ ಒಳಗೇ ಇಟ್ಟುಕೊಂಡು ಅಜ್ಜಿ ಹೋಗಿಬಿಟ್ಟಳು.

ಹದಿಮೂರನೆಯ ದಿನ ಕಳೆದ ಮೇಲೆ ದ್ಯಾವಿ ಮೂರನೆಯ ಸಲ ಓಲೆಮನೆಯ ಮೆಟ್ಟಿಲು ಹತ್ತಿದಳು. ಅವಳಲ್ಲಿ ಉಳಿದಿದ್ದದ್ದು ಅಜ್ಜಿಯ ನೆನಪು ಒಂದೇ. ಸೋತರೆ ಅದೂ ಹೋಗುತ್ತದೆ, ಅಜ್ಜಿ ಇದ್ದಳೆಂಬುದೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.  ಆದರೂ ಮೌನಸಿದ್ಧನ ಮುಂದೆ ಕೂತಳು.

"ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ದಳು ಸ್ವಾಮಿ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಕತೆ ಬರೆಯಲು ಬರುತ್ತಿರಲಿಲ್ಲ, ಹೇಳಲೂ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ ಒಂದು. ಆ ಒಂದು ಇಲ್ಲದಿದ್ದರೆ ಲೋಕದಲ್ಲಿ ಕತೆಯೇ ಇರುತ್ತಿರಲಿಲ್ಲ."

ಅಷ್ಟು ಹೇಳಿ ದ್ಯಾವಿ ಕತೆ ನಿಲ್ಲಿಸಿದಳು.

ಮೌನಸಿದ್ಧ ಕಾದ. ಅವಳೂ ಕಾದಳು. ಅವನು ಹುಬ್ಬು ಗಂಟಿಕ್ಕಿದ. "ಮುಂದೆ! ಮುಂದೆ!" ಎಂದಿತು ಗಿಳಿ.

"ನಾನು ಕತೆ ಹೇಳುತ್ತಿರುವುದು ಸ್ವಾಮಿಗಳಿಗೆ, ಗಿಳಿಗಲ್ಲ," ಎಂದಳು ದ್ಯಾವಿ.

ಕತೆ ನುಂಗುವವನಿಗೂ ಅರ್ಧ ಕತೆಯನ್ನು ನುಂಗಲು ಬರುವುದಿಲ್ಲ. ಮೊದಲ ದಿನ ಮೌನಸಿದ್ಧ ತನ್ನ ನೆರಳನ್ನು ಹುಲಿ ಮಾಡಿದ. ಹುಲಿ ಅವಳ ಸುತ್ತ ಸುತ್ತಿತು, ಕತ್ತಿನ ಹಿಂದೆ ಬಿಸಿಯುಸಿರು ಬಿಟ್ಟಿತು. ದ್ಯಾವಿ ಕಣ್ಣು ಮುಚ್ಚಿ ಕೂತಳು. ಅವಳನ್ನು ಕೊಂದರೆ ಕತೆಯ ಉಳಿದರ್ಧ ಎಂದಿಗೂ ಸಿಗದು. ಸಂಜೆಗೆ ಹುಲಿ ಮತ್ತೆ ನೆರಳಾಯಿತು.

ಎರಡನೆಯ ದಿನ ಏಳು ಓಲೆಕಟ್ಟುಗಳು ತಾವಾಗಿಯೇ ಬಂದು ಅವಳ ಮುಂದೆ ಕೂತವು. ಏಳರ ಕೊನೆಯ ಗರಿಯಲ್ಲೂ ಅವಳ ಹೆಸರು, ಅಚ್ಚುಕಟ್ಟಾಗಿ ಕೊರೆದು ಮಸಿ ತುಂಬಿದ್ದು. ಹೊರಗೆ ಡಂಗುರ ಸಿದ್ಧವಾದ ಸದ್ದು. "ಮುಗಿಸು, ಇವೆಲ್ಲ ನಿನ್ನವು," ಎಂದಿತು ಗಿಳಿ. ದ್ಯಾವಿಗೆ ಆಸೆಯಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ತನ್ನ ಹೆಸರಿನ ಮೇಲೆ ಬೆರಳಾಡಿಸಿ ನೋಡಿದಳು. ಉಳಿದ ಗರಿಗಳನ್ನು ತಿರುವಿದಳು. ಅವು ಖಾಲಿಯಿದ್ದವು. ಮೆಲ್ಲಗೆ ಅತ್ತ ಸರಿಸಿದಳು.

ಮೂರನೆಯ ದಿನ ಪರದೆಯ ಹಿಂದಿನಿಂದ ಪುಟ್ಟಜ್ಜಿಯ ದನಿ ಬಂತು. "ಹೂಂ."

 ಅದೇ ದನಿ, ಅದೇ ನಡುಕ. "ಅಜ್ಜಿ" ಎಂದು ದ್ಯಾವಿ ಎದ್ದೇಬಿಟ್ಟಳು. ಕತೆಯ ಮುಂದಿನ ಮಾತು ನಾಲಿಗೆಯ ತುದಿಗೆ ಬಂತು.

"ಹೂಂ, ಹೂಂ, ಮುಂದೆ ಹೇಳೇ," ಎಂದಿತು ದನಿ.

ದ್ಯಾವಿ ಅಲ್ಲೇ ನಿಂತಳು. ಒರಳಿನ ಟಕ್ ಟಕ್ ಎಲ್ಲಿ? ಅಜ್ಜಿ ಎಂದಾದರೂ ಹೀಗೆ ಅವಸರಪಟ್ಟಿದ್ದಳೇ? ಮೂರು ದಿನದಿಂದ ಇಲ್ಲಿ ಕೂತ ಮೊಮ್ಮಗಳನ್ನು ಉಂಡೆಯೇನೇ ಎಂದು ಕೇಳದೆ ಇರುತ್ತಿದ್ದಳೇ? ಅವಳು ಕೂತಳು. ಅಜ್ಜಿ ಎರಡನೆಯ ಸಲ ಸತ್ತಂತೆ ಅಳು ಬಂತು. ಅಳುತ್ತಲೇ ಬಾಯಿ ಮುಚ್ಚಿ ಕಾದಳು.

ಮೌನಸಿದ್ಧನಿಗೆ ಮೂರು ದಿನದ ಹಸಿವು. ಅದಕ್ಕಿಂತ ಹೆಚ್ಚಾಗಿ, ಆ ಅಜ್ಜಿಗೆ ಬರುತ್ತಿದ್ದ ಆ ಒಂದು ಏನು ಎಂಬುದು ಅವನನ್ನು ಒಳಗಿಂದ ಕೊರೆಯುತ್ತಿತ್ತು. ಸಾವಿರ ಕತೆ ನುಂಗಿದವನಿಗೂ ಇದು ತಿಳಿಯಲಿಲ್ಲ. ಅವನು ಮುಂದಕ್ಕೆ ಬಾಗಿದ. ಇನ್ನೂ ಬಾಗಿದ. ತಡೆಯಲಾಗಲಿಲ್ಲ. ತುಟಿ ಬಿರಿಯಿತು.

"ಹೂಂ?" ಎಂದ.

"ಅದೇ ಸ್ವಾಮಿ," ಎಂದಳು ದ್ಯಾವಿ. "ನನ್ನ ಅಜ್ಜಿಗೆ ಬರುತ್ತಿದ್ದದ್ದು ಅದೇ."

ತೆರೆದ ಬಾಯಿ ಮುಚ್ಚಲಿಲ್ಲ. ನುಂಗಿದ ಕತೆಗಳೆಲ್ಲ ಗುಬ್ಬಿಗಳಾಗಿ ಹೊರಟವು. ಒಂದು, ಹತ್ತು, ನೂರು, ಸಾವಿರ. ಕಿಟಕಿ ದಾಟಿ ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋದವು. ಕೊನೆಯ ಗುಬ್ಬಿ ಹಾರುವಾಗ ಪೀಠದ ಮೇಲೆ ಉಳಿದದ್ದು ಒಂದು ಖಾಲಿ ನಿಲುವಂಗಿ. ಗಿಳಿ ಕೆಳಗೆ ಬಿದ್ದು, ಹೊರಳಿ, ಬಿಳಿ ಗಡ್ಡದ ಸೋವಿದೇವನಾಗಿ ಎದ್ದು ಕೂತಿತು. "ಅಯ್ಯೋ ಮಗಳೇ, ಎಷ್ಟು ಜನರಿಗೆ ಒಪ್ಪಿಗೆಯಿಲ್ಲ ಅಂದೆ ನಾನು," ಎಂದು ಮುಖ ಮುಚ್ಚಿಕೊಂಡ.

ಎರಡು ಗುಬ್ಬಿಗಳು ದ್ಯಾವಿಯ ಹೆಗಲ ಮೇಲೆ ಕೂತವು. ಅವಳ ಕೈಗೆ ಕೆಲಸ ಮರಳಿತು. ತಾಯಿಯ ಮುಖ ಮರಳಿತು. ಎಡಗೆನ್ನೆಯ ಕುಳಿ ಅಜ್ಜಿ ಹೇಳಿದ ಜಾಗದಲ್ಲೇ ಇತ್ತು.

ಊರಿನ ಮಬ್ಬು ಹರಿಯಿತು. ರಾಜ ನಾಚಿಕೊಂಡು ಓಲೆಮನೆಯನ್ನು ಸೋವಿದೇವನಿಗೆ ಮರಳಿ ಕೊಟ್ಟ. ದ್ಯಾವಿಯ ಮೂರನೆಯ ಕತೆಯನ್ನು ಲಿಪಿಕಾರರು ಏಳು ಪ್ರತಿ ಬರೆದರು. ಗರಿಗಳನ್ನು ಅವಳೇ ಹದ ಮಾಡಿದಳು. ಕತೆಯ ನಡುವೆ ಅಲ್ಲಲ್ಲಿ ಎರಡು ಬೆರಳಷ್ಟು ಜಾಗ ಖಾಲಿ ಬಿಡಬೇಕೆಂದು ಕೇಳಿಕೊಂಡಳು.

"ಅಲ್ಲಿ ಏನು ಬರೆಯೋದಮ್ಮ?" ಎಂದರು ಲಿಪಿಕಾರರು.

"ಏನೂ ಬೇಡ. ಅದು ಓದುವವರ ಜಾಗ."

ಡಂಗುರದವನು ಅವಳ ಹೆಸರನ್ನು ಬೀದಿಬೀದಿಯಲ್ಲಿ ಸಾರಿದ. ಅವಳ ಗುಡಿಸಲ ಮುಂದೆಯೂ ಸಾರಿದ. ಒಳಗೆ ಮೂಲೆಯಲ್ಲಿ ಅಜ್ಜಿಯ ಒರಳು ಮಾತ್ರ ಇತ್ತು.

ಅಂಜನಾವತಿಯ ಜನ ಅಂದಿನಿಂದ ಸುಖವಾಗಿದ್ದರು. ಮಕ್ಕಳು ಕತೆ ಕೇಳಿ ಮಲಗಿದವು. ದ್ಯಾವಿಯೂ ಸುಖವಾಗಿದ್ದಳು, ಬಹಳ ಕತೆ ಕಟ್ಟಿದಳು. ಆದರೆ ಪ್ರತಿ ಹೊಸ ಕತೆಯ ಮೊದಲ ಮಾತು ಹೇಳಿದ ಮೇಲೆ ಆ ಮೂಲೆಯ ಕಡೆ ತಿರುಗಿ, ಎರಡು ಸಲ ಎಲೆಅಡಿಕೆ ಕುಟ್ಟುವಷ್ಟು ಹೊತ್ತು ಸುಮ್ಮನೆ ಕಾಯುತ್ತಿದ್ದಳು.