ಲಾಳಿಗೆ ತುಟಿ

ಶೈಲಾ ಲಾಳಿಯನ್ನು ತುಟಿಗೆ ಮುಟ್ಟಿಸುವಷ್ಟರಲ್ಲಿ ಸೋಮೇಶ ಅದನ್ನು ಕಸಿದುಕೊಂಡ.

"ಇನ್ನ ಮ್ಯಾಲೆ ನನ್ನ ಲಾಳಿ ಮುಟ್ಟಬ್ಯಾಡ."

ಬೆಟಗೇರಿಯ ಆ ಕೈಮಗ್ಗದ ಮನೆಯಲ್ಲಿ ಇಬ್ಬರದೂ ಪಕ್ಕಪಕ್ಕದ ಮಗ್ಗ. ನೂಲು ಸುತ್ತಿದ ಹೊಸ ಕಂಡಿಕೆಯನ್ನು ಒಳಗೆ ಹಾಕಿದಾಗಲೆಲ್ಲ ಲಾಳಿಯ ತೂತಿಗೆ ಬಾಯಿಟ್ಟು, ಉಸಿರೆಳೆದು, ನೂಲಿನ ತುದಿಯನ್ನು ಹೊರತೆಗೆಯಬೇಕು. ಸೋಮೇಶನಿಗೆ ಅದು ಸರಾಗವಾಗಿ ಬರುತ್ತಿರಲಿಲ್ಲ. "ಕೊಡಿಲ್ಲೆ, ಇಷ್ಟ ಉಸಿರಿಟ್ಕೊಂಡು ಹೆಂಗ ಬದುಕೀಯೋ" ಎಂದು ಅವಳೇ ಹೀರಿಕೊಡುತ್ತಿದ್ದಳು. ಅವನ ತುಟಿಯ ತೇವ ಕಟ್ಟಿಗೆಯ ಮೇಲೆ ಇನ್ನೂ ಆರಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರಂತೆ ಸೀರೆಯ ಅಂಚು ನೋಡುತ್ತಿದ್ದರು.

ಶೈಲಾ ಜ್ವರದಿಂದ ಮಲಗಿ ಎದ್ದು ಬಂದ ಮೊದಲ ದಿನವೇ ಹೀಗಾಯಿತು.

ಸಂಜೆ ಅವನ ಸೈಕಲ್ಲಿಗೆ ಅಡ್ಡ ನಿಂತಳು. "ನನ್ನ ಎಂಜಲಾ ಹೇಸಿಗಿ ಆತೇನು?"

"ನಿಂದಲ್ಲ, ನಂದು." ಅವನು ಕಣ್ಣೆತ್ತಲಿಲ್ಲ. "ನನಗ ಎಚ್‌ಐವಿ ಐತಿ. ಹುಟ್ಟಿದಾಗಿಂದ. ಅವ್ವನಿಂದ ಬಂದದ್ದು. ನಿನಗ ಜ್ವರ ಅಂದ ಕೂಡ್ಲೆ..."

"ನನಗಾಗಿದ್ದು ಟೈಫಾಯ್ಡ್."

"ಎಂಜಲದಿಂದ ಬರಂಗಿಲ್ಲ ಅಂತ ಡಾಕ್ಟರ್ ಹೇಳ್ತಾರ. ಮನ್ಯಾಗ ಕಾಕು ಇವತ್ತಿಗೂ ನನ್ನ ತಾಟು ಬ್ಯಾರೆ ಇಡತಾಳ. ಯಾರ ಮಾತು ನಂಬಲಿ?"

ಶೈಲಾ ದಾರಿ ಬಿಟ್ಟಳು.

ಮನೆಯಲ್ಲಿ ಕನ್ನಡಿ ಹಿಡಿದು ತುಟಿ ನೋಡಿಕೊಂಡಳು. ಸೀಳಿದೆಯೇ, ಹುಣ್ಣಿದೆಯೇ. ಅಕ್ಕನ ಮಗಳು ಅವಳ ತಾಟಿನಿಂದ ರೊಟ್ಟಿ ಮುರಿಯಲು ಬಂದಾಗ ತಾಟನ್ನೇ ಸರಿಸಿದಳು. ಕೂಸು ಪಿಳಿಪಿಳಿ ನೋಡಿತು. ಸೋಮೇಶನ ಆ ಚಿಕ್ಕಮ್ಮ ಮಾಡಿದ್ದನ್ನೇ ತಾನೂ ಮಾಡಿದ್ದಳು.

ಮರುದಿನ ಗದಗಿನ ದವಾಖಾನೆಗೆ ಹೋದಳು. ಅಲ್ಲಿನ ಕೌನ್ಸೆಲರ್ ಶಮಶಾದಬಿ, ಅವಳು ಅವನ ಹೆಸರೆತ್ತದೆ ಹೇಳಿದ ಲಾಳಿಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು.

"ಹಂಗ ಹೀರಿದ್ರ ನೆಗಡಿ ಬರಬಹುದವ್ವಾ, ಎಚ್‌ಐವಿ ಬರಂಗಿಲ್ಲ. ಉಗುಳು, ಬೆವರು, ಒಂದ ತಾಟಿನ್ಯಾಗ ಊಟ, ಸೊಳ್ಳಿ ಕಡಿತ, ಯಾವುದರಿಂದಾನೂ ಇಲ್ಲ. ಅದು ಬರೂದು ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರ, ಕಾಂಡೋಮ್ ಇಲ್ಲದ ಕೂಡಿದ್ರ, ತಾಯಿಯಿಂದ ಕೂಸಿಗೆ."

ಶೈಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಮತ್ತ... ಲಗ್ನ ಆದ್ರ?"

ಶಮಶಾದಬಿ ನಗಲಿಲ್ಲ. "ಅಂವ ದಿನಾ ಗುಳಿಗಿ ತಗೊಂಡು, ರಕ್ತದಾಗಿನ ವೈರಸ್ ಟೆಸ್ಟಿಗೂ ಸಿಗದಷ್ಟು ಕಮ್ಮಿ ಆಗಿ, ಹಂಗ ಉಳಕೊಂಡಿದ್ರ, ಹೆಂಡ್ತಿಗೂ ಬರಂಗಿಲ್ಲ. ಇಬ್ರೂ ಕೂಡಿ ಬರ್ರಿ, ಅವನ ರಿಪೋರ್ಟ್ ನೋಡಿ ಮಾತಾಡೂಣು."

ಮಗ್ಗದ ಮನೆಗೆ ಬಂದಾಗ ಸೋಮೇಶ ತಂತಿಯ ಕೊಕ್ಕೆಯಿಂದ ನೂಲೆಳೆಯಲು ಒದ್ದಾಡುತ್ತಿದ್ದ. ಅವನ ಕೈಯಿಂದ ಲಾಳಿ ತೆಗೆದುಕೊಂಡು ತುಟಿಗಿಟ್ಟಳು. ಕಣ್ಣು ಮುಚ್ಚಿ ಉಸಿರೆಳೆದಳು. ನೂಲು ಬಂತು.

ಆಮೇಲೆ ತನ್ನ ಲಾಳಿಯನ್ನು ಅವನತ್ತ ಚಾಚಿದಳು. "ಇದನ್ನ ನೀ ಹೀರು."

"ಬ್ಯಾಡ, ಶೈಲಾ."

"ನನಗೂ ಹೆದರಿಕಿ ಪೂರಾ ಹೋಗಿಲ್ಲ. ಹೋಗೂ ಮಟ ಕಾಯ್ಕೋಂತ ಕುಂತ್ರ ಮುದುಕಿ ಆಗ್ತೀನಿ."

ಅವನು ಲಾಳಿ ಹಿಡಿದು ಉಸಿರೆಳೆದ. ನೂಲು ಬರಲಿಲ್ಲ. ಮತ್ತೆ ಎಳೆದ.

ಮಗ್ಗಗಳ ಮಾಲೀಕ ಸಕ್ರಪ್ಪ ಆಚೆ ತುದಿಯಿಂದ ಕೂಗಿದ. "ಏನಲೇ, ನೂಲು ಹೀರಾಕತ್ತೀಯೋ, ಬಾವಿ ನೀರೋ?"

ಶೈಲಾ ಫಕ್ಕನೆ ನಕ್ಕಳು. ಅವನೂ ನಕ್ಕ; ನಗು ಇಳಿದ ಮೇಲೆ ಎಳೆದ ಉಸಿರಿಗೇ ನೂಲಿನ ತುದಿ ತುಟಿಗೆ ಬಂತು.

ಕೊಡುವ ಮೊದಲು ಲಾಳಿಯನ್ನು ಅಂಗಿಗೆ ಒರೆಸಲು ಹೋದ. ಅವಳು ಅವನ ಮಣಿಕಟ್ಟು ಹಿಡಿದಳು.

"ಹಂಗ ಇರ್ಲಿ."