ಕರಡಿಗೆ ಕೇಳಲು ಬಂದವನು

ಮಾವನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಸ್ವಪ್ನಾಲಿ ಅಂಗಡಿಯ ಶಟರ್ ಎತ್ತಿದಳು.

ಮಹಾರಾಷ್ಟ್ರದ ಗಡಿಯೂರು ನಿಲಂಗಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅದಕ್ಕೆ ‘ಪೈಲಟ್ ದುಕಾನ’ ಎಂದೇ ಹೆಸರು. ಹಗ್ಗ, ಬಕೆಟ್, ಪಂಪಿನ ವಾಷರ್, ಟಾರ್ಚಿನ ಸೆಲ್ಲು ಸಿಗುವ ಅಂಗಡಿ.

ಮಾವ ಬಸವಣ್ಣೆಪ್ಪ ಸೈನಿಕನಲ್ಲ. ಹೈದರಾಬಾದಿನಲ್ಲಿ ವಿಮಾನ ಹಾರಿಸಲು ಕಲಿತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಬಂದೂಕಿಲ್ಲದ ವಿಮಾನಗಳನ್ನು ಗಡಿಯವರೆಗೆ ಒಯ್ದು ಸೈನ್ಯಕ್ಕೆ ಒಪ್ಪಿಸಿ, ರೈಲು ಹಿಡಿದು ಮರಳುತ್ತಿದ್ದ. ಯುದ್ಧ ಮುಗಿದ ಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಅಂಗಡಿ ಇಟ್ಟ.

ಸ್ವಪ್ನಾಲಿಯ ಗಂಡ ಧನರಾಜ ಮದುವೆಯಾದ ವರ್ಷದೊಳಗೇ ತೀರಿಕೊಂಡಿದ್ದ. ಎಂ.ಎ. ಓದಿದ ಸೊಸೆಯನ್ನು ಮಾವ ಗಲ್ಲಾದ ಮುಂದೆ ಕೂರಿಸಿದ.

“ನಿನ್ನೆ ಮಣ್ಣ ಕೊಟ್ಟು ಇವತ್ತ ದುಕಾನ ತೆಗದಿ?” ನೆರೆಮನೆಯ ಮಲಕಮ್ಮ ಹಗ್ಗ ಕೊಳ್ಳುವ ನೆಪದಲ್ಲಿ ಬಂದಿದ್ದಳು. “ಗಂಡಗೂ ಅಳಲಿಲ್ಲ, ಮಾವಗೂ ಅಳಲಿಲ್ಲ. ಏನ್ ಕಲ್ಲವ್ವಾ ನೀ!”

“ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿ ಅದರಿ ಮಲಕಮ್ಮ ಕಾಕು? ಹಗ್ಗ ಎಷ್ಟ ಮಾರು ಬೇಕು, ಹೇಳ್ರಿ.”

ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಒಬ್ಬ ಬಂದು ನಿಂತ.

ರೇಣುಕಾಪ್ರಸಾದ... ಯೆಣೆಗೂರಿನ ಅಯ್ಯನವರ ಮೊಮ್ಮಗ. ನಿನ್ನೆ ಕ್ರಿಯೆ ಮಾಡಿಸಿದವನೂ ಅವನೇ. ಕುಣಿಯಲ್ಲಿ ಕೂರಿಸಿದ ಮಾವನ ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಇಷ್ಟಲಿಂಗ ತೆಗೆದು, ಅದನ್ನು ಮಾವನ ಎಡ ಅಂಗೈಯಲ್ಲಿಟ್ಟು, ಖಾಲಿ ಕರಡಿಗೆಯನ್ನು ಅವಳ ಕೈಗೆ ಕೊಟ್ಟಿದ್ದ. ಅವಳ ಮುಖ ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ನೋಡುತ್ತಿದ್ದ! ವಾರಕ್ಕೊಮ್ಮೆ ಸೆಲ್ಲು ಕೊಳ್ಳಲು ಬಂದು ಗಂಟೆಗಟ್ಟಲೆ ಮಾತಾಡುತ್ತಿದ್ದ. ಒಂದು ದಿನ, “ಮನ್ಯಾಗ ಕೇಳಲಾ?” ಅಂದಿದ್ದ. “ಕೇಳ್ರಿ” ಅಂದಿದ್ದಳು. ಒಳಗೆ ಹೋಗಿ ಮಾವನೊಂದಿಗೆ ಮಾತಾಡಿ ಹೊರಟವನು ಮತ್ತೆ ಬರಲೇ ಇಲ್ಲ.

‘ಹೆದರಿಕೊಂಡ. ವಿಧವೆ ಅಂತ ಹಿಂದೆ ಸರಿದ.’ ಅವಳು ಅಂದುಕೊಂಡದ್ದು ಅಷ್ಟೇ.

“ಕರಡಿಗಿ ಕೊಡ್ರಿ,” ಎಂದ ಅವನು ಈಗ.

“ಏನಂದ್ರಿ?”

“ನಿಮ್ಮ ಮಾವನ ಕೊರಳಾಗ ಇದ್ದದ್ದು. ಅದು ನಮ್ಮ ಮನೀದು.”

ಎರಡು ವರ್ಷದ ಸಿಟ್ಟು ಒಮ್ಮೆಲೇ ಅವಳ ಬಾಯಿಗೆ ಬಂತು. “ಲಿಂಗ ಸತ್ತವರ ಅಂಗೈಗೆ, ಬೆಳ್ಳಿ ಅಯ್ಯನವರ ಜೋಳಿಗಿಗೆ! ಛಲೋ ಅದ ನಿಮ್ಮ ದಂಧಾ.”

ಮಲಕಮ್ಮ ಕಿಸಕ್ಕನೆ ನಕ್ಕಳು.

ಅವನ ಮುಖ ಕಪ್ಪಿಟ್ಟಿತು. “ಸ್ವಪ್ನಾಲಿ... ನಾ ಯಾಕ ಕೇಳಲಿಕತ್ತೀನಿ, ನಿಮಗ ತಿಳೀಲಿಲ್ಲೇನು?”

“ಪೂರಾ ತಿಳದದ. ನಿಮ್ಮ ಬಸ್ ಬಂದಾದ, ಹೋಗ್ರಿ.”

“ಆತು,” ಎಂದ. “ನನಗೂ ತಿಳೀತು.”

ಹೋದ. ಅವಳು ಹಗ್ಗ ಅಳೆದು ಕೊಟ್ಟಳು.

ಒಳಗೆ ಹೋದಾಗ ಅತ್ತೆ ಶೇವಂತಾಬಾಯಿ ಗೋಡೆಗೆ ಆತು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಆ ಹುಡುಗಗ ಕಳ್ಳನ ಮಾಡಿ ಕಳಿಸಿದಿ.”

“ಮತ್ತೇನು ಅನ್ನಬೇಕಿತ್ತು?”

“ಕಳ್ಳರು ನಾವು!” ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಯುದ್ಧಕ್ಕ ಹೊಂಟಾಗ ನಿಮ್ಮ ಮಾವನ ಲಿಂಗ ಅರಿವ್ಯಾಗ ಕಟ್ಟಿತ್ತು. ವಿಮಾನದಾಗ ಜಾರಿ ಬಿದ್ದೀತು ಅಂತ ಆ ಹುಡುಗನ ಮುತ್ತ್ಯಾ ಪಂಚಯ್ಯ ತನ್ನ ಹೆಂಡ್ತಿ ಕೊರಳಿಂದು ಬಿಚ್ಚಿ ಕೊಟ್ಟ. ಆ ಮನಿಗೆ ಬರೂ ಸೊಸಿಗೆ ಹಾಕೂ ಕರಡಿಗಿ ಅದು. ಇವರು ಜೀವಂತ ತಿರುಗಿ ಬಂದ್ರು. ಅದು ಇತ್ತಂತ ಬದುಕೀನಿ ಅಂತ ಬಿಚ್ಚಲಿಕ್ಕೇ ಒಲ್ಲೆ ಅಂದ್ರು. ಇರಲಿ, ಜೀವ ಇರೂತನ ಇಟ್ಕೋ ಅಂದ ಪಂಚಯ್ಯ.”

“ಅದಕ್ಕೂ ಇದಕ್ಕೂ ಏನು?”

“ಆ ಹುಡುಗ ನಿನ್ನ ಕೇಳಲಿಕ್ಕೆ ಬಂದನಲ್ಲ... ‘ಕರಡಿಗಿ ನಿಮ್ಮ ಮನಿಗೆ ತಿರುಗಿದಾಗ ನನ್ನ ಸೊಸಿನೂ ಬರ್ತಾಳ. ನಾ ಇರೂತನ ದುಕಾನಿನ ಮೆಟ್ಟಲಾ ಹತ್ತಬ್ಯಾಡ. ಆಕಿಗೆ ನಾನೇ ಹೇಳ್ತೀನಿ’ ಅಂದ್ರು ಇವರು.”

ಸ್ವಪ್ನಾಲಿ ಅತ್ತೆಯ ಎದುರಿಗೆ ಕೂತಳು.

“ಹೇಳಲಿಲ್ಲ,” ಎಂದಳು ಅತ್ತೆ. “ನಾನೂ ಹೇಳಲಿಲ್ಲ. ನೀ ಹೋದ್ರ ನಮಗ್ಯಾರು? ಅಂವಾ ಇವತ್ತ ಬೆಳ್ಳಿ ಕೇಳಲಿಲ್ಲವ್ವಾ. ನಿನ್ನ ಕೇಳ್ದ.”

ಎರಡು ವರ್ಷ! ಅವನು ಯೆಣೆಗೂರಿನಲ್ಲಿ, ಅವಳೂ ಕಾಯುತ್ತಿದ್ದಾಳೆಂದು ನಂಬಿ ಕೂತಿದ್ದ. ಅವಳು ಇಲ್ಲಿ, ಅವನನ್ನು ಹೇಡಿ ಎಂದು ಬಯ್ಯುತ್ತ...

“ನನಗ ಒಂದು ಮಾತು ಕೇಳಬೇಕು ಅಂತ ನಿಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲೇನ್ರಿ ಅತ್ತಿ?”

ಅವಳು ಕರಡಿಗೆ ತೆಗೆದುಕೊಂಡು ಬಸ್ ಹತ್ತಿದಳು.

ಯೆಣೆಗೂರಿನಲ್ಲಿ ಅವನ ಅಜ್ಜಿ ಅನುಸೂಯಾಬಾಯಿ ಅಂಗಳದಲ್ಲಿ ತೊಗರಿ ಆರಿಸುತ್ತಿದ್ದಳು. ಹೊರಬಾಗಿಲಲ್ಲಿ ರೇಣುಕಾಪ್ರಸಾದ.

“ಬೈಯೂದು ಇನ್ನೂ ಉಳದಿತ್ತೇನು?” ಎಂದ.

“ಹೂಂ, ಉಳದದ. ಮಾವ ಹೇಳ್ತೀನಿ ಅಂದ್ರು, ನೀವು ನಂಬಿದ್ರಿ! ನನಗ ಒಂದು ಫೋನ್ ಹಚ್ಚಲಿಕ್ಕೆ ಬೆರಳು ಸವೀತಿದ್ವೇನು?”

ಅವನು ಬೆಚ್ಚಿದ. “ಅಂದ್ರ... ನಿಮಗ ಗೊತ್ತೇ ಇರಲಿಲ್ಲ?”

“ಇವತ್ತ ಮುಂಜಾನಿ ಅತ್ತಿ ಹೇಳಿದ್ರು. ನೀವು ಹೋದ ಮ್ಯಾಲ.”

“ಹಿರ್ಯಾರ ಮಾತು ಅಂತ ಸುಮ್ಮನಿದ್ದೆ. ನೀವೂ ಒಪ್ಪೀರಿ ಅಂತ ತಿಳಕೊಂಡು ದಿನಾ...” ಅವನು ಬಾಗಿಲಿಂದ ಪಕ್ಕಕ್ಕೆ ಸರಿದ. “ತಪ್ಪಾತು.”

ಅವಳು ಅವನನ್ನು ದಾಟಿ ಮುದುಕಿಯ ಮುಂದೆ ಕೂತಳು.

“ಅಜ್ಜಿ, ನಮ್ಮ ಮಾವ ಒಯ್ದಿದ್ರಲ್ಲ, ತಗೋರಿ.”

ಅನುಸೂಯಾಬಾಯಿ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ಇದರ ಜೋಡಿ ಇನ್ನೊಂದು ಬರೂದಿತ್ತಲ್ಲವ್ವಾ?”

“ಇಲ್ರಿ. ನಾ ಯಾರರೆ ಒಯ್ದು ಯಾರರೆ ತಿರುಗಿ ಕೊಡೂ ಸಾಮಾನಲ್ಲ.” ಅವಳು ಎದ್ದು ಬರಿಗೈಯಲ್ಲಿ ಅವನತ್ತ ತಿರುಗಿದಳು. “ಮಾವನ ಕೆಲಸ ಮುಗೀತು. ದುಕಾನ ನಾ ಬಿಡೂದಿಲ್ಲ. ಅತ್ತಿಗೂ ಬಿಡೂದಿಲ್ಲ. ಇದು ತಿಳಕೊಂಡು, ಈಗ ಕೇಳ್ರಿ. ನನಗೇ ಕೇಳ್ರಿ.”

“ಜೋರಾಗಿ ಕೇಳೋ,” ಎಂದಳು ಅಜ್ಜಿ. “ನನಗ ಕಿವಿ ಮಂದ.”

“ಸ್ವಪ್ನಾಲಿ... ನನ್ನ ಜೋಡಿ ಬಾಳ್ವಿ ಮಾಡ್ತಿ?”

ಎಷ್ಟೋ ಕಾಲದ ಮೇಲೆ ಅವಳ ಕಣ್ಣು ತುಂಬಿತು.

“ಮಾಡ್ತೀನಿ. ಆದ್ರ ಸಿಟ್ಟು ಇನ್ನೂ ಹೋಗಿಲ್ಲ.”

“ಇರಲಿ,” ಎಂದ ಅವನು ಮೆಲ್ಲಗೆ. “ಆ ಸಿಟ್ಟಿಗೂ ಕರಕೊಂಡು ಬಾ.”