ರೈಲು ಚಾಲಕಿಯ ಸೋಯಾ ಮೊಸರು

೨೦೫೬ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹುಬ್ಬಳ್ಳಿಯಿಂದ ಕಲಬುರಗಿಗೆ ಹೊರಡುವ ವೇಗದ ರೈಲಿನ ಚಾಲಕಿ ಮಹಾನಂದಾ ಕೆರೂರ ಒಂದು ಬಟ್ಟಲು ಸೋಯಾ ಮೊಸರು ತಿಂದು ಎಂಜಿನ್ ಹತ್ತಿದಳು. ಅವಳ ಮಣಿಕಟ್ಟಿನ ಪಟ್ಟಿ ಮೈಯ ಬಿಸಿ, ಬೆವರು, ನಾಡಿ ಮೂರನ್ನೂ ಅಳೆದು ಎದುರಿನ ಪರದೆಗೆ ಕಳಿಸುತ್ತಿತ್ತು. ಬಾಗಲಕೋಟೆ ದಾಟಿತು, ವಿಜಯಪುರ ದಾಟಿತು. ಪರದೆಯ ಹಸಿರು ಗೆರೆ ಅಲುಗಲಿಲ್ಲ. ಐವತ್ತೊಂದರ ಮಹಾನಂದಾ, ಕೇಳುವವರಿಲ್ಲದ ಆ ಕೋಣೆಯಲ್ಲಿ ಗಟ್ಟಿಯಾಗಿ ಹಾಡಿಕೊಂಡಳು.

ಐದು ತಿಂಗಳ ಹಿಂದೆ ಇದೇ ಗೆರೆ ಅವಳ ಕೆಲಸಕ್ಕೆ ಕುತ್ತು ತಂದಿತ್ತು. ಮುಟ್ಟು ನಿಲ್ಲುವ ಕಾಲ. ಎದೆಯಿಂದ ಎದ್ದ ಬಿಸಿ ಕುತ್ತಿಗೆ, ಮುಖ, ನೆತ್ತಿಗೆ ಏರಿ ಎರಡೇ ನಿಮಿಷದಲ್ಲಿ ಅಂಗಿ ತೋಯುತ್ತಿತ್ತು. ಅವಳು ಹಲ್ಲು ಕಚ್ಚಿ ರೈಲು ಓಡಿಸಬಲ್ಲವಳೇ. ಆದರೆ ಪಟ್ಟಿಯ ಅಳತೆ ನೋಡಿ ಚಾಲಕರನ್ನು ಕಾಯುವ ರೈಲಿನ ಯಂತ್ರಕ್ಕೆ ಅದು ಹೃದಯಾಘಾತದಂತೆ ಕಂಡು, ತಾನೇ ಬ್ರೇಕ್ ಹಾಕಿಬಿಡುತ್ತಿತ್ತು. ಮೂರನೆಯ ಸಲ ಆರುನೂರು ಜನರಿದ್ದ ಗಾಡಿ ನಡು ಸೇತುವೆಯ ಮೇಲೆ ನಿಂತಾಗ, ಅವಳನ್ನು ಇಳಿಸಿ ಕಚೇರಿಯ ಕುರ್ಚಿಯಲ್ಲಿ ಕೂರಿಸಿದರು. ಮೂರು ತಿಂಗಳಲ್ಲಿ ಗೆರೆ ಸರಿಹೋಗದಿದ್ದರೆ ಕುರ್ಚಿಯೇ ಕಾಯಂ. ಹಳೆಯ ಕಾಯಿಲೆಯೊಂದರಿಂದಾಗಿ ಅವಳಿಗೆ ಹಾರ್ಮೋನ್ ಗುಳಿಗೆ ಬೇಡವೆಂದು ವೈದ್ಯರು ಹೇಳಿದ್ದರು. ಅವರೇ ಧಾರವಾಡದ ವಿಜ್ಞಾನಿ ಶಾಲ್ಮಲಾ ಹೊನವಾಡ ಅವರ ಪ್ರಯೋಗಾಲಯದ ವಿಳಾಸ ಕೊಟ್ಟರು.

“ನಮ್ಮ ಮೈಯಾಗಿನ ಈಸ್ಟ್ರೋಜೆನ್‌ಗೆ ತಂಗಿಯಂಥಾ ವಸ್ತು ಸೋಯಾದಾಗ ಐತ್ರಿ,” ಎಂದರು ಶಾಲ್ಮಲಾ. “ಆದ್ರ ಅದರ ಪೂರಾ ಉಪಯೋಗ ಆಗಬೇಕಂದ್ರ, ಹೊಟ್ಟ್ಯಾಗಿನ ಒಂದು ಜಾತಿ ಸೂಕ್ಷ್ಮಜೀವಿ ಅದನ್ನ ‘ಈಕ್ವಾಲ್’ ಅಂತ ಬದಲ ಮಾಡಬೇಕು. ಆ ಜೀವಿ ಮೂರು ಮಂದ್ಯಾಗ ಒಬ್ಬರ ಹೊಟ್ಟ್ಯಾಗ ಇದ್ರ ಹೆಚ್ಚು.”

“ನನ್ನ ಹೊಟ್ಟ್ಯಾಗ?”

“ಇಲ್ರಿ. ಪರೀಕ್ಷಾ ಮಾಡೇನಿ.”

“ಐವತ್ತು ವರ್ಷ ಹೊತ್ತಹೊತ್ತಿಗೆ ಊಟಾ ಹಾಕೇನಿ ಅದಕ್ಕ,” ಎಂದಳು ಮಹಾನಂದಾ. “ಬೇಕಾದವರನ್ನ ಇಟ್ಟಕೊಂಡಿಲ್ಲ ನೋಡ್ರಿ.”

ಶಾಲ್ಮಲಾ ನಕ್ಕರು. ಗಾಳಿ ಸೋಕಿದರೆ ಸಾಯುವ ಆ ಜೀವಿಯನ್ನು ಸೋಯಾ ಹಾಲಿಗೆ ಹಾಕುವ ಹೆಪ್ಪಿನಲ್ಲಿ ಬದುಕಲು ಒಗ್ಗಿಸುವುದಕ್ಕೆ ಅವರಿಗೆ ಹನ್ನೊಂದು ವರ್ಷ ಹಿಡಿದಿತ್ತು. ಈಗ ಹೊಟ್ಟೆಯಲ್ಲಿ ಆಗಬೇಕಾದ ಕೆಲಸ ಪಾತ್ರೆಯಲ್ಲೇ ಆಗುತ್ತಿತ್ತು.

“ಬರೇ ಮೊಸರೇನ್ರಿ?”

“ಬರೇ ಮೊಸರ. ದಿನಾ ಒಂದು ಬಟ್ಟಲ, ಆರು ವಾರ. ಎಲ್ಲಾರಿಗೂ ಹತ್ತತೈತಿ ಅಂತ ನಾ ಹೇಳೂದಿಲ್ಲ.”

ಮೊದಲೆರಡು ವಾರ ಏನೂ ಆಗಲಿಲ್ಲ. ಹಸಿ ಬೀಜದ ವಾಸನೆಗೆ ಮೂಗು ಮುಚ್ಚಿಕೊಂಡು ನುಂಗಿದಳು. ನಾಲ್ಕನೆಯ ವಾರ, ದಿನಕ್ಕೆ ಒಂಬತ್ತು ಸಲ ಏಳುತ್ತಿದ್ದ ಬಿಸಿ ಐದಕ್ಕೆ ಇಳಿಯಿತು. ಆರನೆಯ ವಾರ ಒಂದೋ ಎರಡೋ, ಅದೂ ಬಂದು ಹೋದದ್ದೇ ತಿಳಿಯದಂತೆ. ಜನವರಿಯಲ್ಲಿ ಅವಳು ಮತ್ತೆ ಎಂಜಿನ್ ಹತ್ತಿದ ದಿನ ಹುಬ್ಬಳ್ಳಿಯಿಂದ ಕಲಬುರಗಿಯವರೆಗೆ ಪ್ರತಿ ನಿಲ್ದಾಣದಲ್ಲೂ ಅಗತ್ಯಕ್ಕಿಂತ ಉದ್ದ ಸೀಟಿ ಹೊಡೆದಳು.

ಹೆಪ್ಪು ಚಾಲಕಿಯರ ವಿಶ್ರಾಂತಿ ಕೋಣೆಗೂ ಬಂತು. ಟಿಕೆಟ್ ತಪಾಸಣೆಯವರು ಒಯ್ದರು, ಸ್ವಚ್ಛತೆಯವರು ಒಯ್ದರು. ಆದರೆ ಅದೇ ಬಿಸಿ ಕಾಡುತ್ತಿದ್ದ ಜೊತೆಯ ಚಾಲಕಿ ರೇಷ್ಮಾ ಮುಲ್ಲಾ ಮೂರು ತಿಂಗಳು ತಿಂದು, ಮೇ ತಿಂಗಳ ಒಂದು ದಿನ ಖಾಲಿ ಬಟ್ಟಲು ಮುಂದಿಟ್ಟಳು. “ನನಗ ಹತ್ತಲಿಲ್ಲಕ್ಕಾ. ನಾಳೆಯಿಂದ ನನಗೂ ಕುರ್ಚಿ.”

ಮಹಾನಂದಾ ಅವಳನ್ನು ಕರೆದುಕೊಂಡು ನೇರವಾಗಿ ಮೇಲಧಿಕಾರಿಯ ಕೋಣೆಗೆ ನಡೆದಳು.

“ಸಾಹೇಬ್ರ, ಈ ಯಂತ್ರಕ್ಕ ಪಾಠಾ ಕಲಿಸಿದಾಗ ಎಷ್ಟು ಚಾಲಕರ ಬಿಸಿ, ನಾಡಿ ಲೆಕ್ಕಾ ಕೊಟ್ಟಿದ್ರಿ?”

ಅವರು ಕಡತ ತೆರೆದು ನೋಡಿದರು. “ನಾಲ್ವತ್ತು ಸಾವಿರ.”

“ಅದರಾಗ ನಲವತ್ತೈದು ದಾಟಿದ ಹೆಣ್ಣಮಕ್ಕಳು?”

ಅವರು ಬಹಳ ಹೊತ್ತು ಹುಡುಕಿದರು. ಕಡೆಗೆ ಕನ್ನಡಕ ತೆಗೆದು, “ಒಬ್ರೂ ಇಲ್ಲವ್ವಾ,” ಎಂದರು.

ಎರಡು ತಿಂಗಳಲ್ಲಿ ಯಂತ್ರ ಹೊಸ ಪಾಠ ಕಲಿಯಿತು. ಬಿಸಿ ಏರಿದರೆ ಈಗ ಅದು ಮೊದಲು, “ಆರಾಮ ಇದ್ದೀರಾ?” ಎಂದು ಕೇಳುತ್ತದೆ, ಗುಂಡಿ ಒತ್ತಿ ಹೌದೆಂದರೆ ಸುಮ್ಮನಾಗುತ್ತದೆ. ಹೆಪ್ಪು ಹತ್ತಿದವರೂ ಹತ್ತದವರೂ ಗಾಡಿ ಓಡಿಸಿದರು. ಹಾಗೆ ಕೇಳುವ ಯಂತ್ರವಿದ್ದ ಗಾಡಿಯನ್ನು ಮೊದಲ ಸಲ ಓಡಿಸಿದ ದಿನ ರೇಷ್ಮಾ ಎಲ್ಲರಿಗೂ ಪೇಢೆ ಹಂಚಿದಳು.

ಆ ಸಂಜೆ ಮಹಾನಂದಾ ಮನೆಗೆ ಬಂದು, ಎಪ್ಪತ್ತೊಂಬತ್ತರ ತಾಯಿ ಸುಮಂಗಲಾಗೆ ಪೇಢೆ ಕೊಟ್ಟು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ತಟ್ಟನೆ ಹೊಳೆಯಿತು.

“ಅವ್ವಾ, ನಿನಗೂ ಹಿಂಗ ಆಗತಿತ್ತೇನ?”

“ಆಗದ ಏನ? ನಲವತ್ತೊಂಬತ್ತರಾಗ ಸುರು ಆತು.” ತಾಯಿ ಬೆರಳು ಮಡಿಸಿ ಎಣಿಸಿದಳು. “ಎರಡು ಸಾವಿರದಾ ಇಪ್ಪತ್ತಾರು. ದಿನಾ ಮಧ್ಯಾಹ್ನ ತಣ್ಣೀರ ಬಕೀಟಿನ್ಯಾಗ ಕಾಲ ಇಟ್ಟಕೊಂಡು ಕುಂದರತಿದ್ನಲ್ಲಾ, ನೆನಪೈತಿ?”

“ಕಾಲ ನೋಯತಾವು ಅಂತಿದ್ದಿ. ಕಾಲೇಜಿಂದ ಬಂದು ನಾನ ತಿಕ್ಕತಿದ್ದೆ.”

“ಕಾಲ ಎಲ್ಲಿ ನೋಯತಿದ್ವು,” ತಾಯಿ ಪೇಢೆ ಬಾಯಿಗಿಟ್ಟುಕೊಂಡು ನಕ್ಕಳು. “ಕಾಲಂದ್ರ ಎಲ್ಲಾರಿಗೂ ತಿಳೀತಿತ್ತು. ಇದನ್ನ ಏನಂತ ಹೇಳೂದು? ಯಾರರೆ ಕೇಳಿದ್ರ ಹೇಳತಿದ್ನೋ ಏನೋ.”

ಮಹಾನಂದಾಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನೆಲದ ಮೇಲೆ ಕುಳಿತು, ತಾಯಿಯ ಎರಡೂ ಪಾದಗಳನ್ನು ತೊಡೆಯ ಮೇಲೆಳೆದುಕೊಂಡಳು.